ರೂಪಾಯಿಗೆ 289 ಡಾಂಗ್: ವಿಯೆಟ್ನಾಂ ಪ್ರವಾಸ ನಿಜಕ್ಕೂ ಎಷ್ಟು ಅಗ್ಗ?

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, ಕಾಲೇಜು ಓದುವ ಮಗಳು ಹತ್ತು ದಿನ ವಿಯೆಟ್ನಾಂಗೆ ಹೊರಟಿದ್ದೇವೆ. ಹನೋಯ್, ಡ ನಾಂಗ್, ಹೋ ಚಿ ಮಿನ್ ಸಿಟಿ ನೋಡುವ ಯೋಚನೆ. ಹೋಗಿಬರುವ ವಿಮಾನದ ಟಿಕೆಟ್ ಆಗಿದೆ. ಮೂವರೂ ಸಸ್ಯಾಹಾರಿಗಳು. ಒಂದು ರೂಪಾಯಿಗೆ 289 ಡಾಂಗ್ ಅಂತ ಗೂಗಲ್ ತೋರಿಸುತ್ತದೆ. ನಮ್ಮ ಏಜೆಂಟ್ 260ರಂತೆ ಇಲ್ಲೇ ಡಾಂಗ್ ಕೊಡಿಸುತ್ತೇನೆ ಅನ್ನುತ್ತಾರೆ. ಒಬ್ಬ ಸ್ನೇಹಿತರು ರೂಪಾಯಿ ನೋಟನ್ನೇ ಒಯ್ಯಿರಿ ಅಂದರು, ಇನ್ನೊಬ್ಬರು ಕಾರ್ಡ್ ಇದ್ದರೆ ಸಾಕು ಅಂದರು. ಯಾರ ಮಾತು ಕೇಳೋದು? ದಿನಕ್ಕೆ ಎಷ್ಟು ಖರ್ಚಾಗುತ್ತದೆ? ಕೈಯಲ್ಲಿ ಎಷ್ಟು ನಗದು ಇರಬೇಕು? ಮಗಳಿಗೆ ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆ. ಅದು ಸರಿಯೇ?

ಉತ್ತರ: ಮೊದಲು ಆ 289ರ ಗುಂಗಿನಿಂದ ಹೊರಗೆ ಬನ್ನಿ. "ನಮ್ಮ ಒಂದು ರೂಪಾಯಿ ಅಲ್ಲಿ ಮುನ್ನೂರು, ಹೋದವರೆಲ್ಲ ಕೋಟ್ಯಧಿಪತಿಗಳು" ಅನ್ನುವ ರೀಲ್ಸ್‌ಗಳನ್ನು ನೀವೂ ನೋಡಿರುತ್ತೀರಿ. ಕೋಟ್ಯಧಿಪತಿ ಆಗುವುದೇನೋ ನಿಜ, 35 ಸಾವಿರ ರೂಪಾಯಿ ಬದಲಿಸಿದರೆ ಕೈಗೆ ಒಂದು ಕೋಟಿ ಡಾಂಗ್ ಬರುತ್ತದೆ. ಆದರೆ ಒಂದು ಕಾಫಿಗೆ 25 ಸಾವಿರ ಕೊಡಬೇಕಲ್ಲ! ಅದು ನಮ್ಮ 85–90 ರೂಪಾಯಿ. ದಾವಣಗೆರೆಯಲ್ಲಿ ಅದೇ ದುಡ್ಡಿಗೆ ಬೆಣ್ಣೆ ದೋಸೆಯನ್ನೇ ತಿನ್ನಬಹುದು. ನೋಟಿನ ಮೇಲೆ ಸೊನ್ನೆ ಜಾಸ್ತಿ ಇದ್ದಮಾತ್ರಕ್ಕೆ ದೇಶ ಅಗ್ಗ ಆಗುವುದಿಲ್ಲ.

ಆ ಸೊನ್ನೆಗಳು ಬಂದದ್ದು ಹಳೆಯ ಹಣದುಬ್ಬರದಿಂದ. 1985ರಲ್ಲಿ ಅಲ್ಲಿನ ಸರ್ಕಾರ ಹಳೆಯ ಹತ್ತು ಡಾಂಗ್‌ಗೆ ಹೊಸ ಒಂದು ಡಾಂಗ್ ಎಂದು ನೋಟು ಬದಲಿಸಿತು. ಬೆಲೆ ಹತೋಟಿಗೆ ಬರಲಿಲ್ಲ. 1986ರಲ್ಲಿ ಹಣದುಬ್ಬರ ಶೇ 700 ದಾಟಿತು. ಆ ವರ್ಷದ ಕೊನೆಗೆ 'ದೋಯಿ ಮೋಯಿ' ಎಂಬ ಆರ್ಥಿಕ ಸುಧಾರಣೆ ಶುರುವಾಯಿತು, ದೇಶ ಚೇತರಿಸಿಕೊಂಡಿತು. ಸೊನ್ನೆಗಳು ಮಾತ್ರ ಹಾಗೇ ಉಳಿದವು. ಇವತ್ತು ವಿಯೆಟ್ನಾಂನ ಸರಾಸರಿ ತಲಾ ಆದಾಯ ನಮ್ಮದರ ಒಂದೂವರೆ ಪಟ್ಟಿಗೂ ಜಾಸ್ತಿ. ಹಾಗಾಗಿ ನಮ್ಮಂಥ ಊರಿನಿಂದ ಹೋದವರಿಗೆ ಅಲ್ಲಿನ ತಿಂಡಿ, ಕಾಫಿ ಅಗ್ಗ ಅನ್ನಿಸುವುದಿಲ್ಲ. ಅಗ್ಗ ಅನ್ನಿಸುವುದು ಬೇರೆ ಎರಡು: ಕೊಟ್ಟ ದುಡ್ಡಿಗೆ ಸಿಗುವ ಹೋಟೆಲ್ ರೂಮು, ಊರೊಳಗಿನ ಓಡಾಟ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪ್ರವಾಸದಲ್ಲಿ ದುಡ್ಡು ಸೋರುವುದು ಫೋ (ಅಲ್ಲಿನ ನೂಡಲ್ ಸೂಪ್) ತಿಂದಾಗಲ್ಲ, ಎಳನೀರು ಕುಡಿದಾಗಲ್ಲ. ರೂಪಾಯಿ ಡಾಂಗ್ ಆಗುವ ಜಾಗದಲ್ಲಿ. ಅದನ್ನು ಲೆಕ್ಕ ಹಾಕಿಯೇ ನೋಡೋಣ.

ಡಾಲರ್‌ಗೆ 90 ರೂಪಾಯಿ, 26,000 ಡಾಂಗ್ ಎಂದಿಟ್ಟುಕೊಳ್ಳಿ. ಗೂಗಲ್ ತೋರಿಸುವ 289 ಬರುವುದು ಈ ಎರಡನ್ನೂ ಭಾಗಿಸಿ. ಅದು ಬ್ಯಾಂಕುಗಳ ನಡುವಿನ ದರ. ನಿಮಗೆ ನನಗೆ ಆ ದರಕ್ಕೆ ಯಾರೂ ಕೊಡುವುದಿಲ್ಲ. ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಒಳ್ಳೆಯ ಫಾರೆಕ್ಸ್ (ವಿದೇಶಿ ಹಣದ) ಅಂಗಡಿಯಲ್ಲಿ ಚೌಕಾಸಿ ಮಾಡಿದರೆ ಡಾಲರ್ ನೋಟು 91.50ಕ್ಕೆ ಸಿಕ್ಕೀತು. 600 ಡಾಲರ್‌ಗೆ 54,900 ರೂಪಾಯಿ. ಆ ಡಾಲರನ್ನು ಹನೋಯ್‌ನಲ್ಲಿ 25,900ರಂತೆ ಬದಲಿಸಿದರೆ 1 ಕೋಟಿ 55 ಲಕ್ಷದ 40 ಸಾವಿರ ಡಾಂಗ್. ರೂಪಾಯಿಗೆ 283 ಬಿದ್ದ ಹಾಗಾಯಿತು. ಅದೇ 54,900 ರೂಪಾಯಿಯನ್ನು ನಿಮ್ಮ ಏಜೆಂಟ್ ಕೈಗೆ ಕೊಟ್ಟರೆ 260ರ ಲೆಕ್ಕದಲ್ಲಿ 1 ಕೋಟಿ 42 ಲಕ್ಷದ 74 ಸಾವಿರ. ಹನ್ನೆರಡೂವರೆ ಲಕ್ಷ ಡಾಂಗ್ ಕಡಿಮೆ. ರೂಪಾಯಿಯಲ್ಲಿ ಸುಮಾರು 4,400. ಹಾ ಲಾಂಗ್ ಕೊಲ್ಲಿಯ ಒಂದು ದಿನದ ದೋಣಿ ಪ್ರವಾಸದಲ್ಲಿ ಒಬ್ಬರ ಟಿಕೆಟ್ಟೇ ಹೋಯಿತು.

ಏಜೆಂಟ್ ಮೋಸ ಮಾಡುತ್ತಿದ್ದಾರೆ ಅಂತಲ್ಲ. ನಮ್ಮಲ್ಲಿ ಡಾಂಗ್ ಕೇಳುವವರು ಕಡಿಮೆ, ತರಿಸುವವರೂ ಕಡಿಮೆ. ಸಿಗದ ನೋಟಿಗೆ ಬೆಲೆ ಜಾಸ್ತಿ, ಅಷ್ಟೇ. ಅದೇ ಕಾರಣಕ್ಕೆ ರೂಪಾಯಿ ನೋಟನ್ನು ಅಲ್ಲಿಗೆ ಒಯ್ಯುವುದೂ ಬೇಡ. ಹನೋಯ್‌ನಲ್ಲಿ ರೂಪಾಯಿ ತೆಗೆದುಕೊಳ್ಳುವ ಜಾಗ ಬೆರಳೆಣಿಕೆಯಷ್ಟು, ತೆಗೆದುಕೊಂಡರೂ ಬಾಯಿಗೆ ಬಂದ ದರ. ವಾಪಸ್ ಬಂದಾಗ ಟ್ಯಾಕ್ಸಿಗೆ, ಊಟಕ್ಕೆ ಬೇಕಾಗುವಷ್ಟು ರೂಪಾಯಿ ಇಟ್ಟುಕೊಳ್ಳಿ, ಸಾಕು. ದೇಶದಿಂದ ಹೊರಗೆ ಒಯ್ಯಲು ಹೇಗೂ ಒಬ್ಬರಿಗೆ 25,000 ರೂಪಾಯಿಯ ಮಿತಿ ಇದೆ.

ಡಾಲರ್ ಕೊಳ್ಳುವಾಗ ನೆನಪಿಡಬೇಕಾದ್ದು ಕೆಲವಿವೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಅಂಗಡಿಗೇ ಹೋಗಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಒಯ್ಯಿರಿ. 50,000 ರೂಪಾಯಿ ದಾಟಿದರೆ ನಗದು ಕೊಟ್ಟು ಕೊಳ್ಳುವಂತಿಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ಜಿಎಸ್‌ಟಿ ಅಂದರೆ ಗಾಬರಿಯಾಗಬೇಡಿ. ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 1ರ ಮೇಲೆ ಮಾತ್ರ ಶೇ 18 ಹಾಕುತ್ತಾರೆ. 54,900ಕ್ಕೆ ಹೆಚ್ಚೂಕಡಿಮೆ 99 ರೂಪಾಯಿ. ಯಾರಾದರೂ ಪೂರ್ತಿ ಮೊತ್ತದ ಮೇಲೆ ಶೇ 18 ಅಂದರೆ ಎದ್ದು ಬನ್ನಿ. ಟಿಸಿಎಸ್ (ಕೊಳ್ಳುವಾಗಲೇ ಹಿಡಿಯುವ ಆದಾಯ ತೆರಿಗೆ) ವಿಷಯವನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟದ ವಿದೇಶಿ ಹಣ ಖರೀದಿಗೆ ಅದು ಬರುವುದಿಲ್ಲ.

ಕೌಂಟರ್‌ನಲ್ಲಿ ನಿಂತೇ ನೋಟು ಒಂದೊಂದಾಗಿ ನೋಡಿ. 100 ಡಾಲರ್ ನೋಟೇ ಕೇಳಿ, ಹೆಚ್ಚೆಂದರೆ ಒಂದೆರಡು 50ರದ್ದು. ವಿಯೆಟ್ನಾಂನಲ್ಲಿ ದೊಡ್ಡ ನೋಟಿಗೆ ದರ ಚೆನ್ನಾಗಿ ಸಿಗುತ್ತದೆ, 5, 10, 20ರ ನೋಟಿಗೆ ಕಡಿಮೆ. ನೋಟು ಗರಿಗರಿಯಾಗಿರಲಿ. ಪೆನ್ನಿನ ಗೀಟು, ಅಂಚಿನಲ್ಲಿ ಚೂರು ಹರಿದದ್ದು, ಸೀಲು ಬಿದ್ದದ್ದು ಇದ್ದರೆ ಅಲ್ಲಿ ತಲೆ ಅಲ್ಲಾಡಿಸಿ ವಾಪಸ್ ಕೊಡುತ್ತಾರೆ. ನಮ್ಮಲ್ಲಿ ನೋಟು ಎಣಿಸಿ ಮೂಲೆಗೆ ಸಂಖ್ಯೆ ಬರೆಯುವ ಚಾಳಿ ಇನ್ನೂ ಹೋಗಿಲ್ಲ. ಅಂಥ ನೋಟು ನಿಮ್ಮ ಪಾಲಿಗೆ ಬರಬಾರದು.

ಅಲ್ಲಿ ಬದಲಿಸುವುದು ಎಲ್ಲಿ? ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರ್‌ನಲ್ಲಿ ಮೊದಲ ದಿನಕ್ಕೆ ಬೇಕಾದ 100 ಡಾಲರ್. ಉಳಿದದ್ದು ಊರೊಳಗೆ, ಬ್ಯಾಂಕಿನಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ. ಪಾಸ್‌ಪೋರ್ಟ್ ಕೇಳುತ್ತಾರೆ. ಬ್ಯಾಂಕುಗಳು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ರಜೆ. ಹನೋಯ್‌ನ ಹಾ ಚುಂಗ್ ಬೀದಿಯ ಚಿನ್ನದಂಗಡಿಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ, ದರವೂ ಚೆನ್ನಾಗಿರುತ್ತದೆ. ಆದರೆ ಪರವಾನಗಿ ಇಲ್ಲದ ಕಡೆ ಡಾಲರ್ ಬದಲಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. 2018ರಲ್ಲಿ ಕಾನ್ ಥೋ ನಗರದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಚಿನ್ನದಂಗಡಿಯಲ್ಲಿ ಬರೀ 100 ಡಾಲರ್ ಬದಲಿಸಿದ್ದಕ್ಕೆ 9 ಕೋಟಿ ಡಾಂಗ್ ದಂಡ ಬಿತ್ತು. ದೇಶವೆಲ್ಲ ಗದ್ದಲವಾಗಿ ಆಮೇಲೆ ದಂಡ ಮನ್ನಾ ಆಯಿತು, ಸಣ್ಣ ಮೊತ್ತಕ್ಕೆ ನಿಯಮವೂ ಸಡಿಲವಾಯಿತು. ಆದರೂ ಅರ್ಧ ಪರ್ಸೆಂಟ್ ಉಳಿಸಲು ಹೋಗಿ ಪರದೇಶದಲ್ಲಿ ತಲೆನೋವು ಯಾಕೆ? ಬೋರ್ಡು ಇದೆಯಾ, ರಸೀದಿ ಕೊಡುತ್ತಾರಾ, ಇಷ್ಟು ನೋಡಿಕೊಳ್ಳಿ. ರಸೀದಿ ಎಸೆಯಬೇಡಿ, ಕೊನೆಗೆ ಬೇಕಾಗುತ್ತದೆ.

ದರ ಏರಿಳಿದೀತು, ಕಾದು ಬದಲಿಸೋಣವೇ ಎಂಬ ಚಿಂತೆಯನ್ನೂ ಬಿಡಿ. ಅಲ್ಲಿನ ಕೇಂದ್ರ ಬ್ಯಾಂಕ್ ದಿನಾ ಬೆಳಿಗ್ಗೆ ಒಂದು ಮಧ್ಯದ ದರ ಹೇಳುತ್ತದೆ. ಬೇರೆ ಬ್ಯಾಂಕುಗಳು ಅದರಿಂದ ಶೇ 5ರಷ್ಟು ಮೇಲೆ ಕೆಳಗೆ ಮಾತ್ರ ಹೋಗಬಹುದು. ಹತ್ತು ದಿನದಲ್ಲಿ ಡಾಂಗ್ ದರ ನಿಮ್ಮ ಜೇಬಿಗೆ ತಟ್ಟುವಷ್ಟು ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ಅಲ್ಲಾಡಿದರೆ ನಮ್ಮ ರೂಪಾಯಿ, ಹೊರಡುವ ಮುಂಚೆ.

ಕಾರ್ಡ್ ಸಾಕು ಅಂದ ಸ್ನೇಹಿತರ ಮಾತು ಅರ್ಧ ನಿಜ. ಹೋಟೆಲ್, ಒಳನಾಡಿನ ವಿಮಾನ, ದೊಡ್ಡ ಟೂರ್‌ಗಳಿಗೆ ಇಲ್ಲಿಂದಲೇ ಕಾರ್ಡ್‌ನಲ್ಲಿ ಕೊಟ್ಟುಬಿಡಿ. ಆದರೆ ಬೀದಿ ಬದಿಯ ಊಟ, ಮಾರುಕಟ್ಟೆ, ಎಳನೀರು, ದೇವಸ್ಥಾನದ ಟಿಕೆಟ್, ಇಲ್ಲೆಲ್ಲ ನಗದೇ ಬೇಕು. ಅಂಗಡಿ ಮುಂದೆ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ, ನಮ್ಮೂರಿನ ಹಾಗೇ ಕಾಣುತ್ತದೆ. ಅದು ಮುಖ್ಯವಾಗಿ ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ. ಯುಪಿಐ ನಂಬಿಕೊಂಡು ಹೋಗಬೇಡಿ. ಕಾರ್ಡ್ ಉಜ್ಜಿದರೆ ಶೇ 2–3 ಜಾಸ್ತಿ ಹಾಕುವ ಅಂಗಡಿಗಳೂ ಇವೆ, ಮೊದಲೇ ಕೇಳಿ.

ಕಾರ್ಡ್‌ನ ನಿಜವಾದ ಏಟು ಬೀಳುವುದು ಎಟಿಎಂನಲ್ಲಿ. ಮಾಮೂಲಿ ಡೆಬಿಟ್ ಕಾರ್ಡ್ ಹಾಕಿ 20 ಲಕ್ಷ ಡಾಂಗ್ ತೆಗೆದಿರಿ ಅನ್ನಿ, ಅಂದರೆ ಸುಮಾರು 7,000 ರೂಪಾಯಿ. ಆ ಯಂತ್ರದ ಬ್ಯಾಂಕ್ 50 ಸಾವಿರ ಡಾಂಗ್ ಹಿಡಿಯಿತು, 175 ರೂಪಾಯಿ. ನಿಮ್ಮ ಬ್ಯಾಂಕ್ ವಿದೇಶಿ ಎಟಿಎಂ ಶುಲ್ಕ ಅಂತ 150 ಹಾಕಿತು, ಜಿಎಸ್‌ಟಿ ಸೇರಿ 177. ಮೇಲೆ ಶೇ 3.5 ಮಾರ್ಕಪ್ (ಹಣ ಬದಲಿಸಲು ನಿಮ್ಮ ಬ್ಯಾಂಕ್ ಹಾಕುವ ಹೆಚ್ಚುವರಿ), ಅದರ ಮೇಲೂ ಜಿಎಸ್‌ಟಿ, ಇನ್ನೊಂದು 289. ಒಟ್ಟು 640 ರೂಪಾಯಿ. ಏಳು ಸಾವಿರಕ್ಕೆ ಶೇ 9! ಏಜೆಂಟ್ ದರಕ್ಕೂ ಇದಕ್ಕೂ ಏನು ವ್ಯತ್ಯಾಸ ಉಳಿಯಿತು? ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ನಮ್ಮಲ್ಲಿ ಸಿಗುತ್ತವೆ. ಅಂಥದ್ದೊಂದನ್ನು ಮಾಡಿಸಿಕೊಂಡು, ಒಂದೇ ಸಲಕ್ಕೆ 50 ಲಕ್ಷ ಡಾಂಗ್ ಕೊಡುವ ಯಂತ್ರ ಹುಡುಕಿ ತೆಗೆದರೆ ಖರ್ಚು ಶೇ 1ರ ಆಸುಪಾಸಿಗೆ ಇಳಿಯುತ್ತದೆ. ಡಾಲರ್ ತುಂಬಿದ ಫಾರೆಕ್ಸ್ ಕಾರ್ಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದನ್ನು ಡಾಂಗ್‌ನಲ್ಲಿ ಬಳಸಿದಾಗ ಸಾಮಾನ್ಯವಾಗಿ ಇನ್ನೊಂದು ಪರಿವರ್ತನೆ ಶುಲ್ಕ ಬೀಳುತ್ತದೆ.

ಎಟಿಎಂ ಪರದೆ ಮೇಲೆ ಒಂದು ಪ್ರಶ್ನೆ ಬರುತ್ತದೆ. "ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಡಿತವಾಗುತ್ತದೆ, ಒಪ್ಪುತ್ತೀರಾ?" ನೋಡಲು ಎಷ್ಟು ಪ್ರಾಮಾಣಿಕವಾಗಿದೆ, ಅಲ್ವಾ? ಒಪ್ಪಬೇಡಿ. ಆ ರೂಪಾಯಿ ದರದಲ್ಲಿ ಶೇ 4–5, ಕೆಲವೊಮ್ಮೆ ಇನ್ನೂ ಜಾಸ್ತಿ ಸೇರಿಸಿರುತ್ತಾರೆ. ಬೇಡ ಅಂದರೂ ದುಡ್ಡು ಬರುತ್ತದೆ, ಡಾಂಗ್ ಲೆಕ್ಕದಲ್ಲಿ ಕಡಿತವಾಗುತ್ತದೆ. ಅಂಗಡಿಯ ಕಾರ್ಡ್ ಯಂತ್ರದಲ್ಲೂ ಹೀಗೇ, ರೂಪಾಯಿ ಅಲ್ಲ, ಡಾಂಗ್ ಆರಿಸಿ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ. 2020ರಿಂದ ಹೊಸ ಕಾರ್ಡ್‌ಗಳಲ್ಲಿ ಅದು ಮೊದಲಿಗೆ ಆಫ್ ಆಗಿಯೇ ಬರುತ್ತದೆ.

ನೋಟುಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ನಾಣ್ಯ ಚಲಾವಣೆಯಲ್ಲಿಲ್ಲ. ಹತ್ತು ಸಾವಿರದಿಂದ ಐದು ಲಕ್ಷದವರೆಗಿನ ನೋಟುಗಳು ಪ್ಲಾಸ್ಟಿಕ್‌ನವು, ಅದಕ್ಕಿಂತ ಚಿಕ್ಕವು ಕಾಗದದ್ದು. ಎಲ್ಲದರ ಮೇಲೂ ಹೋ ಚಿ ಮಿನ್ ಅವರದೇ ಮುಖ. ನಮ್ಮಲ್ಲಿ ಗಾಂಧೀಜಿ ಇರುವ ಹಾಗೆ, ಹಾಗಾಗಿ ಮುಖ ನೋಡಿ ನೋಟು ಗುರುತಿಸಲು ಆಗದು. ಅಪಾಯ ಇರುವುದು 20 ಸಾವಿರದ ನೋಟು ಮತ್ತು 5 ಲಕ್ಷದ ನೋಟಿನ ನಡುವೆ. ಎರಡೂ ನೀಲಿ. ಒಂದು 70 ರೂಪಾಯಿ, ಇನ್ನೊಂದು 1,750. ರಾತ್ರಿ ಟ್ಯಾಕ್ಸಿಯೊಳಗಿನ ಮಬ್ಬು ಬೆಳಕಿನಲ್ಲಿ ಇದನ್ನು ಅದು ಎಂದು ಕೊಟ್ಟವರು ಬಹಳ ಜನ. ನೀವು 5 ಲಕ್ಷದ್ದು ಕೊಟ್ಟ ಮೇಲೆ ಡ್ರೈವರ್ ಕೈಚಳಕ ತೋರಿಸಿ "20 ಸಾವಿರ ಕೊಟ್ಟಿದ್ದೀರಿ" ಅನ್ನುವ ಆಟವೂ ಉಂಟು. 20 ಸಾವಿರದ ನೋಟಿನ ಹಿಂದೆ ಹೋಯಿ ಆನ್ ಊರಿನ ಮಾಡು ಹೊದಿಸಿದ ಜಪಾನಿ ಸೇತುವೆ ಇದೆ. ಐದು ಲಕ್ಷದ್ದರ ಹಿಂದೆ ಹೋ ಚಿ ಮಿನ್ ಬೆಳೆದ ಹಳ್ಳಿ ಮನೆ. ಉದ್ದದಲ್ಲೂ ವ್ಯತ್ಯಾಸ ಇದೆ. ಎತ್ತರ ಹತ್ತು ಸಾವಿರದ್ದಕ್ಕೆ 60 ಮಿಲಿಮೀಟರ್, ಉಳಿದ ಪ್ಲಾಸ್ಟಿಕ್ ನೋಟುಗಳಿಗೆ 65. ಉದ್ದ ಮಾತ್ರ ಹತ್ತು ಸಾವಿರದ್ದು 132, ಅಲ್ಲಿಂದ ಪ್ರತಿ ನೋಟಿಗೂ ನಾಲ್ಕು ನಾಲ್ಕು ಹೆಚ್ಚುತ್ತಾ ಐದು ಲಕ್ಷದ್ದು 152. ಜೋಡಿಸಿ ಹಿಡಿದರೆ ಗೊತ್ತಾಗುತ್ತದೆ, ಬಿಡಿಯಾಗಿ ಕೈಗೆ ಬಂದಾಗ ಗೊತ್ತಾಗುವುದಿಲ್ಲ. ಅದಕ್ಕೇ ಒಂದು ಉಪಾಯ: 5 ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡಿ. ದಿನದ ಖರ್ಚಿನ ಅರೆಯಲ್ಲಿ ಅವು ಇರಲೇಬಾರದು. ಕೊಡುವಾಗ ನೋಟಿನ ಬೆಲೆ ಬಾಯಿಬಿಟ್ಟು ಹೇಳಿ ಕೊಡಿ.

ಬೆಲೆ ಓದುವುದೂ ಒಂದು ಅಭ್ಯಾಸ. ಅವರು ಸಾವಿರದ ಜಾಗದಲ್ಲಿ ಅಲ್ಪವಿರಾಮದ ಬದಲು ಚುಕ್ಕೆ ಹಾಕುತ್ತಾರೆ. 50.000 ಅಂದರೆ ಐವತ್ತಲ್ಲ, ಐವತ್ತು ಸಾವಿರ. ಎಷ್ಟೋ ಕಡೆ ಬರೀ 50 ಅಥವಾ 50ಕೆ ಅಂತಲೇ ಬರೆದಿರುತ್ತದೆ, ಅದೂ ಐವತ್ತು ಸಾವಿರವೇ. ಲಕ್ಷ, ಕೋಟಿ ಅವರಿಗೆ ಗೊತ್ತಿಲ್ಲ, ಮಿಲಿಯನ್ ಲೆಕ್ಕ. ಒಂದು ಮಿಲಿಯನ್ ನಮ್ಮ ಹತ್ತು ಲಕ್ಷ. ಮನಸ್ಸಿನಲ್ಲೇ ರೂಪಾಯಿಗೆ ತರಲು ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿ. 40 ಸಾವಿರದ ಬಾನ್ ಮಿ (ಅಲ್ಲಿನ ಸ್ಯಾಂಡ್‌ವಿಚ್) 140 ರೂಪಾಯಿ. ಎರಡು ಲಕ್ಷದ ಟಿಕೆಟ್ 700. ನಿಜವಾದ ದರಕ್ಕಿಂತ ಇದು ಒಂದು ಚೂರು ಜಾಸ್ತಿ ತೋರಿಸುತ್ತದೆ, ಒಳ್ಳೆಯದೇ ಆಯಿತು. ಸೈಕ್ಲೋ ರಿಕ್ಷಾದವರ ಹತ್ತಿರ, ಮಾರುಕಟ್ಟೆಯಲ್ಲಿ ಬೆಲೆ ಮಾತಾಡುವಾಗ ಕ್ಯಾಲ್ಕುಲೇಟರ್‌ನಲ್ಲಿ ಎಲ್ಲ ಸೊನ್ನೆಗಳನ್ನೂ ಒತ್ತಿ ತೋರಿಸಿ, ಮೂವರಿಗೂ ಸೇರಿಯೇ ಅಂತ ಖಾತ್ರಿ ಮಾಡಿಕೊಳ್ಳಿ. "ಫಿಫ್ಟಿ" ಅಂದದ್ದು ಇಳಿಯುವಾಗ ತಲೆಗೆ ಐವತ್ತಾಗಿರುತ್ತದೆ. ಸೈಗಾನ್‌ನ (ಹೋ ಚಿ ಮಿನ್ ಸಿಟಿಯ ಹಳೆಯ ಹೆಸರು) ಬೆನ್ ಥಾನ್ ಮಾರುಕಟ್ಟೆಯಲ್ಲಿ ಹೇಳಿದ ಬೆಲೆಯ ಅರ್ಧದಿಂದ ಚೌಕಾಸಿ ಶುರು ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ದಿನದ ಖರ್ಚು. ಮೂವರಿಗೆ ಒಂದು ಒಳ್ಳೆಯ ರೂಮು, ಬೆಳಗಿನ ತಿಂಡಿ ಸೇರಿ, ದಿನಕ್ಕೆ 7 ಲಕ್ಷ ಡಾಂಗ್ ಇಡಿ. 2,450 ರೂಪಾಯಿಗೆ ಅಲ್ಲಿ ಸಿಗುವ ಸ್ವಚ್ಛತೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಓಡಾಟಕ್ಕೆ ಓಲಾ, ಉಬರ್‌ನಂಥ ಗ್ರ್ಯಾಬ್ ಆ್ಯಪ್ ಇಲ್ಲೇ ಹಾಕಿಕೊಂಡು ನಿಮ್ಮ ನಂಬರ್ ನೋಂದಾಯಿಸಿ. ನಾಲ್ಕೈದು ಕಿಲೋಮೀಟರ್ ಕಾರಿಗೆ 50–70 ಸಾವಿರ ಆಗುತ್ತದೆ, ದಿನಕ್ಕೆ ನಾಲ್ಕು ಸಲ ಅಂದರೆ ಎರಡೂವರೆ ಲಕ್ಷ. ಹನೋಯ್ ವಿಮಾನ ನಿಲ್ದಾಣದಿಂದ ಊರೊಳಗೆ 86ನೇ ನಂಬರ್ ಬಸ್ಸಿದೆ, ಒಬ್ಬರಿಗೆ 45 ಸಾವಿರ. ಲಗೇಜ್ ಜಾಸ್ತಿ ಇದ್ದರೆ ಸುಮ್ನೆ ಕಾರು ಮಾಡಿ. ಸೈಗಾನ್‌ನಲ್ಲಿ 2024ರ ಡಿಸೆಂಬರ್‌ನಿಂದ ಮೆಟ್ರೋ ಓಡುತ್ತಿದೆ, ಬೆನ್ ಥಾನ್‌ನಿಂದಲೇ ಶುರು. ಟಿಕೆಟ್ 7ರಿಂದ 20 ಸಾವಿರ.

ಊಟದ ವಿಷಯಕ್ಕೆ ಬರೋಣ. ನಮ್ಮವರ ಬಜೆಟ್ ಹಳ್ಳ ಹಿಡಿಯುವುದು ಇಲ್ಲೇ. ಸಸ್ಯಾಹಾರಿ ಅಂದಕೂಡಲೇ ಇಂಡಿಯನ್ ರೆಸ್ಟೋರೆಂಟ್ ಹುಡುಕುತ್ತೇವೆ. ಅಲ್ಲಿ ದಾಲ್, ಪಲ್ಯ, ರೊಟ್ಟಿ, ಅನ್ನ ಅಂತ ಮೂವರು ಕುಳಿತರೆ ನಾಲ್ಕರಿಂದ ಐದು ಲಕ್ಷ ಡಾಂಗ್. ಬಿಲ್ಲಿನ ಕೊನೆಗೆ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ ಸೇರಬಹುದು. ಅದೇ ರಸ್ತೆಯಲ್ಲಿ 'ಚಾಯ್' ಎಂಬ ಬೋರ್ಡಿರುವ ಊಟದ ಮನೆ ಇರುತ್ತದೆ. ಅದು ಚಹಾದಂಗಡಿಯಲ್ಲ, ಬೌದ್ಧರ ಸಸ್ಯಾಹಾರದ ಹೋಟೆಲ್. ಅನ್ನ, ಟೋಫು, ಮೂರ್ನಾಲ್ಕು ಥರದ ಸೊಪ್ಪು ತರಕಾರಿ, ಸಾರು, ಎಲ್ಲ ಸೇರಿ ಒಬ್ಬರಿಗೆ 40–50 ಸಾವಿರ. ಮಾಂಸದ ಹಾಗೇ ಕಾಣುವ ತುಂಡುಗಳಿದ್ದರೆ ಹೆದರಬೇಡಿ, ಸೋಯಾ ಅಥವಾ ಗೋಧಿಯದ್ದು. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ, ಅಲ್ಲಿನ ಬಹಳ ಜನ ಮಾಂಸ ಬಿಡುತ್ತಾರೆ. ಆ ದಿನ ಇಂಥ ಹೋಟೆಲ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾಮೂಲಿ ಹೋಟೆಲ್‌ನಲ್ಲಿ "ತರಕಾರಿ ಮಾತ್ರ" ಅಂದರೆ ಸಾಲದು, ಮೀನಿನ ಸಾಸ್ ಹಾಕಿಯೇ ಹಾಕುತ್ತಾರೆ. ಚಾಯ್ ಬೋರ್ಡೇ ನೋಡಿ. ಒಗ್ಗರಣೆ ಖಾರ ಇಲ್ಲದೆ ನಾಲಿಗೆ ಸಪ್ಪೆ ಅಂದರೆ ಚಟ್ನಿಪುಡಿ, ಉಪ್ಪಿನಕಾಯಿ ಬ್ಯಾಗಿನಲ್ಲಿರಲಿ. ಮಧ್ಯಾಹ್ನ ಚಾಯ್, ರಾತ್ರಿ ಇಂಡಿಯನ್ ಅಂತ ಹಂಚಿಕೊಂಡರೆ ದಿನಕ್ಕೆ 6 ಲಕ್ಷ. ಎರಡೂ ಹೊತ್ತು ಚಾಯ್ ಆದರೆ 3 ಲಕ್ಷ.

ಕಾಫಿ, ಎಳನೀರು, ನೀರಿನ ಬಾಟಲಿ, ಹಣ್ಣು ಸೇರಿ ಒಂದೂವರೆ ಲಕ್ಷ ಇಡಿ. ಅಲ್ಲಿನ ಕಾಫಿ ಕೊಡಗು ಚಿಕ್ಕಮಗಳೂರಿನವರೂ ಒಪ್ಪುವಷ್ಟು ಗಟ್ಟಿ. ಹೆಚ್ಚಾಗಿ ರೊಬಸ್ಟಾ, ಮೇಲೆ ಕಂಡೆನ್ಸ್ಡ್ ಹಾಲು. ಟಿಕೆಟ್‌ಗಳಿಗೆ ಸರಾಸರಿ ಎರಡು ಲಕ್ಷ. ಹೋಯಿ ಆನ್ ಹಳೇ ಊರಿಗೆ ಒಬ್ಬರಿಗೆ 1.2 ಲಕ್ಷ ಡಾಂಗ್, ಸೈಗಾನ್‌ನ ಯುದ್ಧ ವಸ್ತುಸಂಗ್ರಹಾಲಯಕ್ಕೆ 40 ಸಾವಿರ. ಹೀಗೆ ದಿನಕ್ಕೆ ಮೂವರಿಗೆ 19 ಲಕ್ಷ ಡಾಂಗ್, ಅಂದರೆ 6,650 ರೂಪಾಯಿ. ಹತ್ತು ದಿನಕ್ಕೆ 1 ಕೋಟಿ 90 ಲಕ್ಷ.

ಇದರ ಮೇಲೆ ದೊಡ್ಡ ಖರ್ಚುಗಳು. ಹನೋಯ್–ಡ ನಾಂಗ್, ಡ ನಾಂಗ್–ಸೈಗಾನ್ ವಿಮಾನ, ಒಬ್ಬರಿಗೆ ಒಂದು ಹಾರಾಟಕ್ಕೆ 13 ಲಕ್ಷದಂತೆ 78 ಲಕ್ಷ. ಹಾ ಲಾಂಗ್ ಒಂದು ದಿನದ ಪ್ರವಾಸ ಒಬ್ಬರಿಗೆ 12 ಲಕ್ಷ, ಮೂವರಿಗೆ 36. ಡ ನಾಂಗ್ ಹತ್ತಿರದ ಬಾ ನಾ ಬೆಟ್ಟದ ಕೇಬಲ್ ಕಾರ್, ಎರಡು ದೊಡ್ಡ ಕೈಗಳು ಹಿಡಿದಂತೆ ಕಾಣುವ 'ಚಿನ್ನದ ಸೇತುವೆ', ಒಬ್ಬರಿಗೆ ಹತ್ತು ಲಕ್ಷದ ಹತ್ತಿರ, ಮೂವರಿಗೆ 30. ಎಲ್ಲ ಸೇರಿ 3 ಕೋಟಿ 34 ಲಕ್ಷ ಡಾಂಗ್. ಸುಮಾರು 1 ಲಕ್ಷದ 17 ಸಾವಿರ ರೂಪಾಯಿ. ಇ-ವೀಸಾ ಒಬ್ಬರಿಗೆ 25 ಡಾಲರ್ ಬೇರೆ. ಅಲ್ಲಿನ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಥರ ಕಾಣುವ ಮಧ್ಯವರ್ತಿಗಳ ತಾಣಗಳು ಎರಡು ಮೂರು ಪಟ್ಟು ಕೀಳುತ್ತವೆ.

ಇದರಲ್ಲಿ ಒಂದನ್ನು ನಾನಾದರೆ ಕೈಬಿಡುತ್ತೇನೆ. ಡಿಸೆಂಬರ್‌ನಲ್ಲಿ ಸೈಗಾನ್ ಕಡೆ ಒಣ ಹವೆ, ಹನೋಯ್ ಕಡೆ ಸ್ವೆಟರ್ ಹಾಕುವಷ್ಟು ಚಳಿ. ಆದರೆ ಡ ನಾಂಗ್, ಹೋಯಿ ಆನ್, ಹುಯೆ ಇರುವ ಮಧ್ಯಭಾಗದಲ್ಲಿ ಮಳೆಗಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಬಾ ನಾ ಬೆಟ್ಟದ ಮೇಲೆ ಮಂಜು ಕವಿದರೆ ಹತ್ತು ಸಾವಿರ ರೂಪಾಯಿ ಕೊಟ್ಟು ಬಿಳಿ ಗೋಡೆ ನೋಡಿ ಬಂದ ಹಾಗೆ. ಆ ಟಿಕೆಟ್ ಮಾತ್ರ ಮುಂಗಡ ಮಾಡಬೇಡಿ, ಬೆಳಿಗ್ಗೆ ಎದ್ದು ಆಕಾಶ ನೋಡಿ ತೀರ್ಮಾನಿಸಿ. ಬದಲಿಗೆ ಮಿ ಸನ್‌ಗೆ ಹೋಗಿ. ಒಬ್ಬರಿಗೆ 1.5 ಲಕ್ಷ ಡಾಂಗ್. ಆ ಭಾಗವನ್ನು ಹಿಂದೆ ಆಳಿದ ಚಂಪಾ ರಾಜರು 4ನೇ ಶತಮಾನದಿಂದ 13ರವರೆಗೆ ಕಟ್ಟಿಸಿದ ಇಟ್ಟಿಗೆಯ ಶಿವ ದೇವಾಲಯಗಳು ಕಾಡಿನ ನಡುವೆ ನಿಂತಿವೆ. ಸಂಸ್ಕೃತ ಶಾಸನಗಳಿವೆ. ಅಮೆರಿಕದ ಬಾಂಬ್ ಬಿದ್ದು ಎಷ್ಟೋ ಹಾಳಾದವು. ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಹೊರಬಂತು. ಮಳೆಯಲ್ಲೂ ನೋಡಬಹುದಾದ ಜಾಗ ಅದು.

ನಗದು ಎಷ್ಟು ಎಂಬ ಪ್ರಶ್ನೆಗೆ ಈಗ ಉತ್ತರ ಸುಲಭ. ರೂಮು, ವಿಮಾನ, ದೊಡ್ಡ ಟೂರ್‌ಗಳು ಸೇರಿ 2 ಕೋಟಿ 14 ಲಕ್ಷ ಡಾಂಗ್ ಕಾರ್ಡ್‌ನಲ್ಲೇ ಮುಗಿಯುತ್ತದೆ. ಉಳಿದ 1 ಕೋಟಿ 20 ಲಕ್ಷಕ್ಕೆ 460–470 ಡಾಲರ್ ಬೇಕು. ಶಾಪಿಂಗ್, ಆಪತ್ತು ಅಂತ ಸೇರಿಸಿ 600 ಡಾಲರ್ ಒಯ್ಯಿರಿ. ಇಬ್ಬರು ಹಂಚಿಕೊಂಡು ಇಟ್ಟುಕೊಳ್ಳಿ. ಮಾರ್ಕಪ್ ಇಲ್ಲದ ಒಂದು ಕಾರ್ಡ್, ಬೇರೆ ಬ್ಯಾಂಕಿನದು ಇನ್ನೊಂದು, ಬೇರೆ ಬ್ಯಾಗಿನಲ್ಲಿ. 5,000 ಡಾಲರ್‌ವರೆಗೆ ಅಲ್ಲಿ ಕಸ್ಟಮ್ಸ್‌ಗೆ ಘೋಷಿಸುವ ಕೆಲಸವಿಲ್ಲ.

ಮಗಳ ಸ್ಕೂಟರ್ ಆಸೆ. ಬಾಡಿಗೆ ದಿನಕ್ಕೆ 1.2ರಿಂದ 1.5 ಲಕ್ಷ ಡಾಂಗ್, ಐನೂರು ರೂಪಾಯಿ ಆಸುಪಾಸು. ಅಂಗಡಿಯವರು ಲೈಸೆನ್ಸ್ ಕೇಳುವುದೂ ಇಲ್ಲ. ಆದರೂ ಬೇಡ ಅನ್ನುತ್ತೇನೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂದರೆ 50 ಸಿಸಿ ಮೇಲಿನ ಗಾಡಿ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. 2025ರ ಜನವರಿಯಿಂದ ಅಲ್ಲಿ ದಂಡಗಳನ್ನು ಬಹಳ ಏರಿಸಿದ್ದಾರೆ. ದಂಡ ಹೋಗಲಿ, ಬಿದ್ದು ಕಾಲು ಮುರಿದರೆ ಪ್ರಯಾಣ ವಿಮೆಯವರು ಒಂದು ಪೈಸೆ ಕೊಡದಿರಬಹುದು. ಗ್ರ್ಯಾಬ್‌ನಲ್ಲಿ ಬೈಕೂ ಇದೆ, ಹೆಲ್ಮೆಟ್ ಅವರೇ ಕೊಡುತ್ತಾರೆ. ಗಾಳಿಗೆ ಮುಖ ಒಡ್ಡಿ ಹೋಗುವ ಆಸೆಯನ್ನು ಅದರಲ್ಲೇ ತೀರಿಸಿಕೊಳ್ಳಲಿ.

ಕೊನೆಯದಾಗಿ ಉಳಿದ ಡಾಂಗ್. ನಮ್ಮ ಊರಿಗೆ ತಂದರೆ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಹೊರಡುವ ಹಿಂದಿನ ಸಂಜೆ ಕೈಯಲ್ಲಿರುವುದನ್ನು ಎಣಿಸಿ. ಏರ್‌ಪೋರ್ಟ್ ಕಾರಿಗೆ, ಅಲ್ಲಿನ ಕಾಫಿಗೆ ಮೂರು ನಾಲ್ಕು ಲಕ್ಷ ಎತ್ತಿಟ್ಟು ಮಿಕ್ಕಿದ್ದರಲ್ಲಿ ಕಾಫಿಪುಡಿ, ಗೋಡಂಬಿ ಕೊಳ್ಳಿ. ಇನ್ನೂ ಹತ್ತಿಪ್ಪತ್ತು ಲಕ್ಷ ಉಳಿದಿದ್ದರೆ ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರ್‌ನಲ್ಲಿ ಆ ಹಳೆಯ ರಸೀದಿ, ಬೋರ್ಡಿಂಗ್ ಪಾಸ್ ತೋರಿಸಿ ಡಾಲರ್ ಕೇಳಿ. ಕೌಂಟರ್ ಇಮಿಗ್ರೇಶನ್ ಒಳಗಿದೆಯೋ ಹೊರಗಿದೆಯೋ ಎಂದು ಇಳಿದ ದಿನವೇ ನೋಡಿಟ್ಟುಕೊಳ್ಳಿ.